ಬೂರುಗದ ಹಾಸಿಗೆ ಮತ್ತು ನಮ್ಮವರ ಅಂಗಡಿ

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಒಂದು ದಿನಸಿ ಅಂಗಡಿ ಇದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಇಬ್ಬರ ಹಣೆಯಲ್ಲೂ ವಿಭೂತಿ. ತಕ್ಕಡಿಯ ಮೇಲ್ಗಡೆ ಅವರ ಮಠದ ಸ್ವಾಮಿಗಳ ಫೋಟೋ, ಅದಕ್ಕೆ ದಿನವೂ ಹೊಸ ಹೂವು. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ನಾನು ಸಾಮಾನು ತರುತ್ತಿದ್ದುದು ಅಲ್ಲಿಂದಲೇ. ಅಂಗಡಿಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ರಂಜಾನ್ ಹತ್ತಿರ ಬಂದರೆ ನಾನು ಕೇಳುವ ಮೊದಲೇ ಅವರು ಒಳ್ಳೆಯ ಖರ್ಜೂರ ತರಿಸಿ ನನಗೆಂದು ಎತ್ತಿಡುತ್ತಿದ್ದರು. ಬೇಳೆಯಲ್ಲಿ ಹುಳ ಕಂಡರೆ ತಾವೇ ಫೋನು ಮಾಡಿ, "ಮೇಡಂ, ಈ ಸಲದ್ದು ಸರಿ ಇಲ್ಲ, ತಗೋಬೇಡಿ, ಬುಧವಾರ ಬೇರೆ ಬರುತ್ತೆ" ಎನ್ನುತ್ತಿದ್ದರು.

ಅಂಥ ಅಂಗಡಿಗೆ ಹೋಗುವುದನ್ನು ನಾನು ನಿಲ್ಲಿಸಿಬಿಟ್ಟೆ.

ನಮ್ಮ ಬೀದಿಯವರದೊಂದು ವಾಟ್ಸಾಪ್ ಗುಂಪಿದೆ. ನೀರು ಯಾವಾಗ ಬಿಡುತ್ತಾರೆ, ಯಾರ ಮನೆಯ ನಾಯಿ ಕಳೆದುಹೋಗಿದೆ, ಹೀಗೆ ಮಾತು ನಡೆಯುತ್ತಿರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಯಾರೋ ಅದರಲ್ಲಿ ಒಂದು ಸಂದೇಶ ಹಾಕಿದರು. ನಮ್ಮ ದುಡ್ಡು ನಮ್ಮವರಿಗೇ ಸೇರಬೇಕು, ಅವರ ಅಂಗಡಿಗಳಿಗೆ ಹೋಗಬೇಡಿ, ಎಲ್ಲರಿಗೂ ಹಂಚಿ ಎಂದಿತ್ತು. ಅವರು ಎಂದರೆ ನಾವು. ನಾನೂ ಆ ಗುಂಪಿನಲ್ಲಿ ಇದ್ದೇನೆ ಎಂಬುದು ಹಾಕಿದವರಿಗೆ ನೆನಪಿರಲಿಲ್ಲವೋ, ನೆನಪಿದ್ದೇ ಹಾಕಿದರೋ ತಿಳಿಯದು. ಅದಕ್ಕಿಂತ ನನಗೆ ನೋವಾದದ್ದು ಬೇರೆ. ಆ ಸಂದೇಶದ ಕೆಳಗೆ ಮೂರು ಜನ ಕೈಮುಗಿದ ಚಿತ್ರ ಹಾಕಿದ್ದರು. ಮೂರರಲ್ಲಿ ಒಂದು ಅಕ್ಕನ ಗಂಡನದು.

ಊರಂಚಿನ ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ, "ಇದನ್ನೆಲ್ಲ ತಲೆಗೆ ಹಚ್ಕೋಬೇಡ" ಎಂದು ಹೇಳಿ ಡ್ಯೂಟಿಗೆ ಹೋದರು. ನನಗೆ ಹಾಗೆ ಬಿಡಲಾಗಲಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಆ ಬೀದಿಯ ಎಷ್ಟೋ ಮಕ್ಕಳ ಪ್ರಬಂಧ ತಿದ್ದಿಕೊಟ್ಟಿದ್ದೇನೆ. ಆ ದಿನದಿಂದ ಸ್ಕೂಟರ್ ಹತ್ತಿ ಊರಿನ ಇನ್ನೊಂದು ತುದಿಗೆ ಹೋಗಿ, ನಮ್ಮವರದೇ ಒಂದು ಅಂಗಡಿಯಲ್ಲಿ ಸಾಮಾನು ತರತೊಡಗಿದೆ. ಅಕ್ಕನ ಅಂಗಡಿಯ ಮುಂದೆ ಹೋಗುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ. ಹೀಗೆ ನಾಲ್ಕು ತಿಂಗಳು ಕಳೆಯಿತು.

ಗುಬ್ಬಿಯಲ್ಲಿ ನನ್ನ ಅಬ್ಬಾನದು ಹಾಸಿಗೆ ಅಂಗಡಿ. ಹತ್ತಿ ಹಿಂಜಿ, ಬಟ್ಟೆಯಲ್ಲಿ ತುಂಬಿ, ಹೊಲಿದು ಕೊಡುವ ಹಳೆಯ ಕಾಲದ ಅಂಗಡಿ. ಎಪ್ಪತ್ತು ದಾಟಿದೆ, ಮಂಡಿ ನೋವಿದೆ, ಆದರೂ ನೆಲದಲ್ಲಿ ಕೂತು ಹೊಲಿಯುವುದನ್ನು ಬಿಟ್ಟಿಲ್ಲ. ತಿಂಗಳಿಗೊಮ್ಮೆ ನನ್ನನ್ನು ನೋಡಲು ತುಮಕೂರಿಗೆ ಬರುತ್ತಾರೆ. ಬಂದವರು ಮೊದಲು ಕೂರುವುದು ಅಡುಗೆಮನೆಯಲ್ಲಿ. ಆ ಸಲ ಬಂದಾಗ ನಾನು ಬೇಳೆ ತೊಳೆಯುತ್ತಿದ್ದೆ. ಅವರು ಪ್ಯಾಕೆಟ್ಟನ್ನು ಕೈಗೆತ್ತಿಕೊಂಡು ಅದರ ಮೇಲಿನ ಅಂಗಡಿಯ ಹೆಸರು ಓದಿದರು. ಮನೆಯಲ್ಲಿ ನಾವಾಡುವುದು ಉರ್ದು. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಷ್ಟು ದೂರದಿಂದ ತರ್ತಿದೀಯಾ ಬೇಟಿ? ಬೇಳೆ ಚೆನ್ನಾಗಿದ್ಯಾ?"

"ಬೇಗ ಬೇಯಲ್ಲ ಅಬ್ಬಾ. ಐದು ವಿಸಲ್ ಬೇಕು."

"ಮತ್ತೆ ಯಾಕೆ ತರ್ತೀಯ?"

"ನಮ್ಮವರ ಅಂಗಡಿ."

ಅವರು ಪ್ಯಾಕೆಟ್ಟನ್ನು ಕೆಳಗಿಟ್ಟರು. ನಾನು ಸಂದೇಶದ ವಿಷಯ, ಕೈಮುಗಿದ ಚಿತ್ರದ ವಿಷಯ ಎಲ್ಲ ಹೇಳಿದೆ. ಹೇಳುತ್ತಾ ಅಳು ಬಂತು. ಅಬ್ಬಾ ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

"ಅವರ ಬೇಳೆ ಬೇಯಲ್ಲ ಅಂತ ಅವರಿಗೆ ಹೇಳಿದೀಯಾ?" ಎಂದು ಕೇಳಿದರು.

"ಇಲ್ಲ. ಪಾಪ, ನಮ್ಮವರಲ್ವಾ ಅಂತ ಸುಮ್ಮನಾದೆ."

"ನಮ್ಮವರು ಅಂದ್ಮೇಲೆ ಮೊದಲು ಹೇಳ್ಬೇಕು. ನೀನು ಹೇಳ್ದೆ ತಗೊಂಡ್ ಬಂದ್ರೆ ಅವರು ಇದನ್ನೇ ತರಿಸ್ತಾನೇ ಇರ್ತಾರೆ. ಇದ್ರಿಂದ ಅವರಿಗೇನು ಉಪಕಾರ ಆಯ್ತು?"

ನಾನು ಟೀಗಿಟ್ಟೆ. ಅಬ್ಬಾ ಟೀ ಕುಡಿದು ಮುಗಿಸಿದ ಮೇಲೆ, "ಬರೋ ಶನಿವಾರ ನಿನಗೆ ರಜ ತಾನೇ? ಹಾಗಲವಾಡಿಗೆ ಹೋಗ್ಬೇಕು. ಮದುವೆ ಮನೆ ಹಾಸಿಗೆ. ನನ್ನ ಜೊತೆ ಕೆಲಸಕ್ಕೆ ಬರ್ತಿದ್ದವನಿಗೆ ಜ್ವರ. ನೀನು ಬಾ" ಎಂದರು. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಹತ್ತಿ ತುಂಬುವುದು, ಬಟ್ಟೆ ಎಳೆದು ಹಿಡಿಯುವುದು ನನ್ನ ಕೆಲಸವೇ ಆಗಿತ್ತು. ಒಪ್ಪಿಕೊಂಡೆ.

ಶನಿವಾರ ಗುಬ್ಬಿಯಿಂದ ಲಗೇಜ್ ಆಟೋದಲ್ಲಿ ಬಟ್ಟೆ, ದಾರ, ದಬ್ಬಳ ಎಲ್ಲ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ಅಬ್ಬಾ ಆ ಮನೆಯ ಅಜ್ಜಿಯ ಬಗ್ಗೆ ಹೇಳಿದರು. ಆಕೆ ಶಿವಭಕ್ತೆ. ಸ್ನಾನ ಮಾಡಿ ಲಿಂಗಪೂಜೆ ಆಗದೆ ಒಂದು ಹನಿ ನೀರೂ ಕುಡಿಯುವುದಿಲ್ಲ. ಅವರ ಹೊಲದ ಬದುವಿನಲ್ಲಿ ಒಂದು ಬೂರುಗದ ಮರ ಇದೆ. ಅದರ ಕಾಯಿ ಒಡೆದು ಬರುವ ರೇಷ್ಮೆಯಂಥ ಹತ್ತಿಯನ್ನು ಆಕೆ ಬೀಜ ತೆಗೆದು ಮೂಟೆ ಕಟ್ಟಿಡುತ್ತಾರೆ. ಮನೆಯಲ್ಲಿ ಮದುವೆ ಬಂದಾಗಲೆಲ್ಲ ಅಬ್ಬಾನನ್ನು ಕರೆಸಿ ಹಾಸಿಗೆ ಮಾಡಿಸುತ್ತಾರೆ. ಮೂವತ್ತು ವರ್ಷದ ವಹಿವಾಟು.

"ಇಷ್ಟು ವರ್ಷದಲ್ಲಿ ನಮ್ಮ ಅಂಗಡಿಗೆ ಎಷ್ಟೋ ಸಲ ಬಂದಿದಾರೆ. ಒಂದಿನಾನೂ ಟೀ ಕುಡ್ದಿಲ್ಲ" ಎಂದು ಅಬ್ಬಾ ನಕ್ಕರು.

ನನಗೆ ನಗು ಬರಲಿಲ್ಲ. "ನಮ್ಮ ನೀರು ಬೇಡ, ಹಾಸಿಗೆ ಮಾತ್ರ ಬೇಕಾ?" ಎಂದೆ.

"ಆಕೆ ತನ್ನ ಒಡಹುಟ್ಟಿದ ತಂಗಿ ಮನೇಲೂ ಊಟ ಮಾಡಲ್ಲ ಬೇಟಿ. ಮಠ ಬಿಟ್ರೆ ಸ್ವಂತ ಮನೆ. ಅದು ಆಕೆ ವ್ರತ. ನಾವು ಕಂಡಕಂಡ ಕಡೆ ಮಾಂಸ ತಗೋತೀವಾ? ಹಲಾಲ್ ಮಾಡಿದಾರಾ ಅಂತ ಕೇಳ್ತೀವಿ. ಬಾಯಿಗೆ ಹೋಗೋದನ್ನ ದೀನ್-ಧರ್ಮ ಕೇಳುತ್ತೆ, ಕೇಳಲಿ. ಹಾಸಿಗೆ ಬಾಯಿಗೆ ಹೋಗುತ್ತಾ?"

ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಅಬ್ಬಾ ಇದನ್ನು ಎಷ್ಟು ಸಲೀಸಾಗಿ ಹೊತ್ತುಕೊಂಡು ಬದುಕಿದ್ದಾರೆ ಎಂದು ಆಶ್ಚರ್ಯವಾಯಿತು.

ನಾವು ಹೋದಾಗ ಅಜ್ಜಿ ಜಗಲಿಯನ್ನು ಗುಡಿಸಿ, ನೀರು ಚಿಮುಕಿಸಿ, ಒಣಗಲು ಬಿಟ್ಟು ಕಾಯುತ್ತಿದ್ದರು. ಎತ್ತರದ ಹೆಂಗಸು, ಬೆನ್ನು ಇನ್ನೂ ನೆಟ್ಟಗಿದೆ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ.

"ಬನ್ನಿ ಸಾಬ್ರೇ. ಇವ್ಳೇನಾ ನಿಮ್ ಮಗಳು? ಕನ್ನಡ ಮೇಷ್ಟ್ರಂತಲ್ಲವ್ವ ನೀನು? ಮೇಷ್ಟ್ರುಗೆ ಹಾಸಿಗೆ ಹೊಲಿಯಾಕೆ ಬತ್ತದಾ?"

"ಬರುತ್ತೆ ಅಜ್ಜಿ. ಬರೆಯೋಕಿಂತ ಮೊದಲು ಇದನ್ನೇ ಕಲ್ತಿದ್ದು" ಎಂದೆ. ಆಕೆ ಬೊಚ್ಚುಬಾಯಿ ಬಿಟ್ಟು ನಕ್ಕರು.

ಮದುವೆ ಆಕೆಯ ಮೊಮ್ಮಗಳದು. ಗಂಡಿನ ಮನೆ ಕುಣಿಗಲ್‌ನಲ್ಲಿ. ಹೆಣ್ಣಿನ ಜೊತೆ ಕೊಡಲು ನಾಲ್ಕು ಹಾಸಿಗೆ, ಎಂಟು ದಿಂಬು ಆಗಬೇಕಿತ್ತು. ತಮ್ಮ ಮರದ ಹತ್ತಿಯ ಹಾಸಿಗೆ ಎಂದು ಅಜ್ಜಿ ಈಗಾಗಲೇ ಬೀಗರಿಗೆಲ್ಲ ಹೆಮ್ಮೆಯಿಂದ ಹೇಳಿಯಾಗಿತ್ತು.

ಬೂರುಗದ ಹತ್ತಿ ಬಲು ಹಗುರ. ಗಾಳಿ ತಾಕಿದರೆ ಮನೆಯೆಲ್ಲ ಹಾರಾಡುತ್ತದೆ. ಅದಕ್ಕೇ ಒಳಕೋಣೆಯ ಕಿಟಕಿ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತೆವು. ಅಬ್ಬಾ ಮೊದಲ ಮೂಟೆ ಬಿಚ್ಚಿ, ಒಂದು ಹಿಡಿ ತೆಗೆದು, ಮೂಸಿ ನೋಡಿ ತಲೆಯಾಡಿಸಿದರು. ಅದನ್ನು ತುಂಬಲು ಶುರು ಮಾಡಿದೆವು. ಮೂಲೆಗೆ ಮೊದಲು, ಅಂಚಿಗೆ ಆಮೇಲೆ, ನಡುವೆ ಕೊನೆಗೆ. ಎಷ್ಟೋ ವರ್ಷ ಮುಟ್ಟದ ಕೆಲಸ, ಕೈ ಮರೆತಿರಲಿಲ್ಲ. ತುಂಬಿ ಮುಗಿದ ಹಾಸಿಗೆಯನ್ನು ಜಗಲಿಗೆ ಎಳೆದು ತಂದೆವು. ಅಬ್ಬಾ ದಬ್ಬಳವನ್ನು ಮೇಲಿನಿಂದ ಚುಚ್ಚಿ, ಕೆಳಗಿನಿಂದ ಎಳೆದು, ಹತ್ತಿ ಸರಿದಾಡದಂತೆ ಗೇಣಿಗೊಂದು ಗಂಟು ಹಾಕುತ್ತಾ ಹೋದರು.

ಅಷ್ಟರಲ್ಲಿ ಅಜ್ಜಿಯ ಮಗ ಫೋನು ಹಿಡಿದುಕೊಂಡು ಬಂದ. ಮುಖ ಸಪ್ಪೆಯಾಗಿತ್ತು. "ಕುಣಿಗಲ್ ಬೀಗಿತಿ ಕಣವ್ವ. ನಿನ್ನತ್ರಾನೇ ಮಾತಾಡ್ಬೇಕಂತೆ" ಎಂದ. ಅಜ್ಜಿಗೆ ಕಿವಿ ಮಂದ; ಫೋನಿನ ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದ. ಹಾಗಾಗಿ ಗಂಡಿನ ತಾಯಿ ಹೇಳಿದ್ದೆಲ್ಲ ನಮಗೂ ಕೇಳಿಸಿತು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಹಾಸಿಗೆ ಸಾಬ್ರ ಕೈಲಿ ಹೊಲಿಸ್ತಿದೀರಂತೆ. ನಮ್ ಕಡೆಯವ್ರು ಒಂಥರಾ ಮಾತಾಡ್ತಾವ್ರೆ. ಈಗಿನ ಕಾಲ ಗೊತ್ತಲ್ಲ. ನಮ್ಮೋರದ್ದೇ ಅಂಗಡಿ ಬೇಕಾದಷ್ಟು ಅವೆ, ಅಲ್ಲೇ ತಗೊಂಬುಡಿ."

ಅಬ್ಬಾನ ಮುಖ ನೋಡಿದೆ. ಅವರು ತಲೆ ಎತ್ತಲಿಲ್ಲ. ದಬ್ಬಳದ ಕಣ್ಣಿಗೆ ದಾರ ಪೋಣಿಸುತ್ತಿದ್ದರು. ಎರಡು ಸಲ ತಪ್ಪಿತು.

ಅಜ್ಜಿ ಫೋನಿನ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು:

"ನೋಡವ್ವ, ಮೂವತ್ತು ವರ್ಸದಿಂದ ಈ ಸಾಬ್ರು ಹೊಲ್ದಿರೋ ಹಾಸಿಗೆ ಮೇಲೆ ಮನಗಿ, ಎದ್ದು, ಸ್ನಾನ ಮಾಡಿ ಲಿಂಗಪೂಜೆ ಮಾಡ್ತಿವ್ನಿ. ನನ್ನ ಲಿಂಗಯ್ಯ ಒಂದಿನಾನೂ ಕ್ಯಾತೆ ತೆಗ್ದಿಲ್ಲ. ನಿಮ್ ಕಡೆಯೋರ್ದೇನು ತಕರಾರು? ನನ್ ಮೊಮ್ಮಗಳು ಮನಗೋ ಹಾಸಿಗೆ ಇದು. ಬೇರೆಯೋರು ಬಂದು ಮನಗ್ತಾರಾ?"

"ಆಯ್ತು ಬುಡಿ ಅಮ್ಮ, ನಿಮ್ಮಿಷ್ಟ" ಎಂದು ಬೀಗಿತಿ ಫೋನು ಇಟ್ಟರು. ಅಜ್ಜಿಯ ಮಗ, "ಮದ್ವೆ ಹೊತ್ನಲ್ಲಿ ಯಾಕವ್ವ ಇವೆಲ್ಲ" ಎಂದು ಗೊಣಗಿದ. "ನೀನು ಹೋಗಿ ದನಕ್ಕೆ ನೀರು ತೋರ್ಸೋಗು" ಎಂದು ಆಕೆ ಅವನನ್ನು ಕಳಿಸಿಬಿಟ್ಟರು. ನಮ್ಮ ಕಡೆ ತಿರುಗಿ ಕ್ಷಮೆ ಕೇಳಲಿಲ್ಲ. ಏನೂ ಆಗಿಲ್ಲವೆಂಬಂತೆ ಬಟ್ಟೆಯ ಅಂಚು ಹಿಡಿದು ಕೂತರು. ಕ್ಷಮೆ ಕೇಳಿದ್ದರೆ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಅದಾದ ಮೇಲೆ ಬಂದ ಗಳಿಗೆಯನ್ನು ನಾನು ಮರೆಯಲಾರೆ. ಅಬ್ಬಾ ಎರಡನೆಯ ಮೂಟೆ ಬಿಚ್ಚಿದರು. ಮೇಲೆ ಚೆನ್ನಾಗಿತ್ತು. ಕೈ ಒಳಗೆ ಹಾಕಿ ತಳದಿಂದ ಹಿಡಿ ತೆಗೆದರು, ಮೂಸಿದರು, ನನ್ನ ಮೂಗಿಗೂ ಹಿಡಿದರು. ಮುಗ್ಗಲು ವಾಸನೆ. ಅಟ್ಟದ ಮೇಲೆ ಎಲ್ಲೋ ಮಳೆನೀರು ಸೋರಿರಬೇಕು. ಮೂರನೆಯ ಮೂಟೆಯೂ ಹಾಗೇ. ಒಣಗಿಸಿದರೆ ವಾಸನೆ ಹೋಗುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ, ಆದರೆ ವರ್ಷದೊಳಗೆ ಒಳಗೊಳಗೇ ಕೊಳೆತು ಪುಡಿಯಾಗುತ್ತದೆ ಎಂದು ಅಬ್ಬಾ ನನಗೆ ಉರ್ದುವಿನಲ್ಲಿ ಹೇಳಿದರು.

ನಾನು ಪಿಸುಗುಟ್ಟಿದೆ, "ಅಬ್ಬಾ, ಈಗ ತಾನೇ ಆಕೆ ನಮ್ಮ ಪರವಾಗಿ ಅಷ್ಟು ಮಾತಾಡಿದಾರೆ. ಈಗ ಹೋಗಿ ನಿಮ್ಮ ಹತ್ತಿ ಸರಿಯಿಲ್ಲ ಅಂತ ಹೇಗೆ ಹೇಳ್ತೀರಿ?"

"ಅದಕ್ಕೇ ಹೇಳ್ಬೇಕು" ಎಂದರು ಅಬ್ಬಾ.

ಮಂಡಿ ಹಿಡಿದುಕೊಂಡು ಎದ್ದು, ಹತ್ತಿಯ ಹಿಡಿಯನ್ನು ಹಾಗೇ ತಂದು ಅಜ್ಜಿಯ ಮುಂದೆ ಹಿಡಿದರು. "ಅವ್ವಾ, ಮೂಸಿ ನೋಡಿ. ಇದು ಬ್ಯಾಡ. ಇರೋ ಒಳ್ಳೆ ಹತ್ತೀಲಿ ಎರಡು ಹಾಸಿಗೆ, ನಾಲ್ಕು ದಿಂಬು ಆಯ್ತದೆ. ಮಿಕ್ಕಿದ್ದಕ್ಕೆ ತುಮಕೂರಲ್ಲಿ ಫೋಮ್ ಹಾಸಿಗೆ ತಗೊಳ್ಳಿ. ಯಾವ ಅಂಗಡೀಲಿ ಮೋಸ ಇಲ್ದೆ ಕೊಡ್ತಾರೆ ಅಂತ ನಾನು ಹೇಳ್ತೀನಿ. ಅದು ನಿಮ್ಮೋರದ್ದೇ ಅಂಗಡಿ."

ಅಜ್ಜಿ ಹತ್ತಿಯನ್ನು ಬೆರಳಲ್ಲಿ ಉಜ್ಜಿದರು. ಅವರ ಮುಖದಲ್ಲಿ ಬೇಸರ ಎದ್ದು ಕಾಣುತ್ತಿತ್ತು. ವರ್ಷವೆಲ್ಲ ಕೂತು ಬೀಜ ಬಿಡಿಸಿದ ಹತ್ತಿ. ನಾಲ್ಕು ಹಾಸಿಗೆ ಎಂದು ಬೀಗರಿಗೆ ಹೇಳಿಯೂ ಆಗಿತ್ತು.

"ಹೊಲ್ದು ಕೊಟ್ಟಿದ್ರೆ ನಂಗೆ ತಿಳೀತಿತ್ತಾ ಸಾಬ್ರೇ?"

"ಈಗ ತಿಳೀತಿರ್ಲಿಲ್ಲ. ಅದರ ಮೇಲೆ ಮಲಗೋ ಮಗೂಗೆ ತಿಳೀತಿತ್ತು."

ಆಕೆ ಆ ಹತ್ತಿಯನ್ನು ಸೆರಗಿಗೆ ಹಾಕಿಕೊಂಡು ಎದ್ದು ಹೋದರು. ಕೋಪ ಬಂತೆಂದು ನಾನು ಅಂದುಕೊಂಡೆ. ತಿರುಗಿ ಬಂದಾಗ ಎರಡು ಎಳನೀರು ಕೆತ್ತಿ ತಂದಿದ್ದರು. ಕುಡಿಯುವವರೆಗೂ ನಿಂತಿದ್ದು ನೋಡಿ, "ಅಟ್ಟ ಸೋರ್ತದೆ ಅಂತ ಅವನಿಗೆ ವರ್ಸದಿಂದ ಬಡ್ಕೊಂತಿವ್ನಿ" ಎಂದು ಮಗನನ್ನು ಬೈದರು.

ಸಾಯಂಕಾಲ ವಾಪಸು ಬರುವಾಗ ಅಬ್ಬಾ ಆಟೋದಲ್ಲಿ ನಿದ್ದೆ ಹೋದರು. ನಾನು ಅವರ ಕೈ ನೋಡುತ್ತಾ ಕೂತೆ. ದಾರ ಎಳೆದೂ ಎಳೆದೂ ತೋರುಬೆರಳಲ್ಲಿ ಗೀರು ಬಿದ್ದಿತ್ತು. ಬೆಳಿಗ್ಗೆ ಆ ಫೋನಿನ ಮಾತು ಕೇಳಿ ಅದೇ ಕೈ ಎರಡು ಸಲ ದಾರ ತಪ್ಪಿಸಿತ್ತು, ಸ್ವಲ್ಪ ಹೊತ್ತಿಗೆಲ್ಲ ಅದೇ ಕೈ ಕೆಟ್ಟ ಹತ್ತಿಯನ್ನು ಆರಿಸಿ ಪಕ್ಕಕ್ಕಿಟ್ಟಿತ್ತು. ನಾನಾಗಿದ್ದರೆ ಬೇಡವೆಂದು ಎದ್ದು ಬಂದಿರುತ್ತಿದ್ದೆ. ಇಲ್ಲವೇ ಅಜ್ಜಿಯ ಮೇಲಿನ ಕೃತಜ್ಞತೆಗೆ ಬಾಯಿ ಮುಚ್ಚಿಕೊಂಡು ಆ ಹತ್ತಿಯನ್ನೇ ತುಂಬಿರುತ್ತಿದ್ದೆ.

ಮಾರನೆಯ ದಿನ ಅಕ್ಕನ ಅಂಗಡಿಗೆ ಹೋದೆ. ಹೋಗುವುದು ಸುಲಭವಾಗಿರಲಿಲ್ಲ. ಗೇಟಿನ ತನಕ ಹೋಗಿ ಒಮ್ಮೆ ವಾಪಸು ಬಂದಿದ್ದೆ. ಅಂಗಡಿಯಲ್ಲಿ ಅಕ್ಕ ಒಬ್ಬರೇ ಇದ್ದರು.

"ಅಯ್ಯೋ ಮೇಡಂ, ಎಲ್ಲೋಗಿದ್ರಿ ಇಷ್ಟು ದಿನ? ಹುಷಾರಿರ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಅಕ್ಕ, ಬೇರೆ ಅಂಗಡಿಗೆ ಹೋಗ್ತಿದ್ದೆ" ಎಂದು ಕಾರಣವನ್ನೂ ಹೇಳಿಬಿಟ್ಟೆ. ಅಕ್ಕ ಸಕ್ಕರೆ ತೂಗುತ್ತಿದ್ದವರು ಕೈ ನಿಲ್ಲಿಸಿದರು.

"ಅವ್ರು ಎಲ್ಲಾದಕ್ಕೂ ಕೈ ಮುಗಿತಾರೆ ಮೇಡಂ. ಯಾರೋ ಸತ್ತೋದ್ರು ಅಂದ್ರೂ ಕೈ ಮುಗಿತಾರೆ, ಕರೆಂಟ್ ಹೋಗುತ್ತೆ ಅಂದ್ರೂ ಕೈ ಮುಗಿತಾರೆ. ಓದೋದೇ ಇಲ್ಲ." ಇಷ್ಟು ಹೇಳಿ ತಾವೇ ತಲೆ ಬಗ್ಗಿಸಿದರು. "ಆದ್ರೆ ನಾನು ಅವತ್ತು ಸಾಯಂಕಾಲ ಓದಿದೆ. ಓದಿ ಅವ್ರಿಗೆ ತೋರಿಸ್ದೆ. ಅಳಿಸಿ ಅಂದೆ. ಬೀದಿಯವ್ರು ಏನಂದ್ಕೋತಾರೋ ಅಂತ ಅವ್ರು ಅಳಿಸ್ಲಿಲ್ಲ. ಅದು ನಮ್ ತಪ್ಪೇ. ನೀವು ಬರ್ದೇ ಇದ್ದಿದ್ದಕ್ಕೆ ನಂಗೆ ಆವಾಗ್ಲೇ ಅನುಮಾನ ಬಂದಿತ್ತು. ಮನೆಗೆ ಬಂದು ಮಾತಾಡೋ ಧೈರ್ಯ ಆಗ್ಲಿಲ್ಲ."

ಅವರ ಗಂಡ ಒಳಗಿನಿಂದ ಬಂದು ನನ್ನನ್ನು ಕಂಡು ನಿಂತರು. ನನ್ನ ಚೀಲ ತೆಗೆದುಕೊಂಡು, ನಾನು ಕೊಂಡ ಅಕ್ಕಿಯ ಮೂಟೆಯನ್ನು ಮನೆಯವರೆಗೂ ಹೊತ್ತು ತಂದುಕೊಟ್ಟರು. ಹಿಂದೆಂದೂ ಅವರು ಹಾಗೆ ಬಂದವರಲ್ಲ.

ಊರಿನ ಆ ತುದಿಯ ಅಂಗಡಿಯನ್ನೂ ನಾನು ಬಿಡಲಿಲ್ಲ. ಅಬ್ಬಾ ಹೇಳಿದಂತೆ ಹೋಗಿ ಬೇಳೆ ಬೇಯುವುದಿಲ್ಲ ಎಂದೆ. ಅಂಗಡಿಯವರು ಮುಖ ಗಂಟು ಹಾಕಿಕೊಂಡರು, ಆದರೆ ಎರಡು ವಾರದ ಮೇಲೆ ಬೇರೆ ಬೇಳೆ ತರಿಸಿದರು. ಬಿರಿಯಾನಿಗೆ ಬೇಕಾಗುವ ಅಕ್ಕಿ, ಮಸಾಲೆ ಅವರಲ್ಲಿ ಬಹಳ ಚೆನ್ನಾಗಿರುತ್ತವೆ. ಅದಕ್ಕಾಗಿ ಈಗಲೂ ಅಷ್ಟು ದೂರ ಹೋಗುತ್ತೇನೆ.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಇಂಥ ಸಂದೇಶಗಳು ಹರಡಿದ ಮೇಲೆ ಗುಬ್ಬಿಯಲ್ಲಿ ಅಬ್ಬಾನ ಅಂಗಡಿಗೆ ಬರುವುದನ್ನು ನಿಲ್ಲಿಸಿದ ಹಲವರು ನಿಲ್ಲಿಸಿದ ಹಾಗೇ ಇದ್ದಾರೆ. ಅವರಲ್ಲಿ ಕೆಲವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಅಬ್ಬಾನನ್ನು ಮಾತಾಡಿಸುತ್ತಾರೆ, ಅಬ್ಬಾ ಅವರ ಮನೆಯವರ ಕ್ಷೇಮ ವಿಚಾರಿಸುತ್ತಾರೆ. ಅಂಗಡಿಯ ವಿಷಯ ಇಬ್ಬರೂ ಎತ್ತುವುದಿಲ್ಲ. ನನಗೆ ಅದಕ್ಕೆ ಇವತ್ತಿಗೂ ಸಿಟ್ಟಿದೆ. ಅಬ್ಬಾನಿಗೆ ಇಲ್ಲವೆಂದಲ್ಲ, ಅವರು ಅದನ್ನು ಹೊಲಿಯುವ ಕೈಗೆ ಬರಲು ಬಿಡುವುದಿಲ್ಲ.

ಹಾಗಲವಾಡಿಯ ಅಜ್ಜಿಯ ಮೊಮ್ಮಗಳ ಮದುವೆಯಾಗಿ ಆರೇಳು ತಿಂಗಳಾಗಿರಬೇಕು. ದಸರಾ ರಜಕ್ಕೆ ನಾನು ಗುಬ್ಬಿಯಲ್ಲಿದ್ದೆ. ಮಧ್ಯಾಹ್ನ ಅಂಗಡಿಯಲ್ಲಿ ಅಬ್ಬಾನಿಗೆ ಬಟ್ಟೆ ಕತ್ತರಿಸಿ ಕೊಡುತ್ತಿದ್ದಾಗ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. ಕೈಯಲ್ಲಿ ಬುಟ್ಟಿ, ಹಣೆಯಲ್ಲಿ ವಿಭೂತಿ, ಬಿಸಿಲಿಗೆ ಮುಖ ಕೆಂಪಾಗಿತ್ತು.

"ಹಾಗಲವಾಡಿ ಮದ್ವೆಗೆ ಹಾಸಿಗೆ ಹೊಲ್ದೋರು ನೀವೇನಾ?"

ದನಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ಫೋನಿನಲ್ಲಿ ಕೇಳಿದ್ದ ದನಿ, ಗಂಡಿನ ತಾಯಿ. ಕತ್ತರಿ ಕೆಳಗಿಟ್ಟೆ. ಅಬ್ಬಾನಿಗೂ ಗೊತ್ತಾಯಿತು ಎಂದು ಅವರ ಕಣ್ಣಿನಿಂದ ತಿಳಿಯಿತು. "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಸ್ಟೂಲನ್ನು ಫ್ಯಾನಿನ ಕೆಳಗೆ ಸರಿಸಿದರು.

ಆಕೆ ಕೂತು ಬುಟ್ಟಿಯನ್ನು ಕಾಲಬಳಿ ಇಟ್ಟುಕೊಂಡರು. ಆಮೇಲೆ, "ಸೊಸೆ ತಂದಿರೋ ದಿಂಬು ಒಂದಿನ ಹಾಕ್ಕೊಂಡಿದ್ದೆ. ಕತ್ತು ನೋವು ಇರ್ಲಿಲ್ಲ. ದಿನಾ ಅವಳ್ದು ಕೇಳಾಕಾಗುತ್ತಾ? ನಂಗೊಂದು ಬೇಕಿತ್ತು" ಎಂದರು.

ಅಬ್ಬಾ ಏನಾದರೂ ಹೇಳಲಿ ಎಂದು ನಾನು ಕಾದೆ. ಒಂದೇ ಒಂದು ಮಾತು. ನಿಮ್ಮವರ ಅಂಗಡಿ ಬೇಕಾದಷ್ಟಿದೆಯಲ್ಲ ಎಂದಾದರೂ. ಅಬ್ಬಾ ಕೇಳಿದ್ದು ಇಷ್ಟೇ: "ಯಾವ ಮಗ್ಗುಲಿಗೆ ಮಲಗ್ತೀರಿ ಅಮ್ಮ? ಎಡಕ್ಕೋ ಬಲಕ್ಕೋ? ನೋವು ಬೆಳಿಗ್ಗೆ ಜಾಸ್ತಿನೋ, ಸಾಯಂಕಾಲಾನೋ?"

ಎಲ್ಲ ಕೇಳಿಕೊಂಡು, ಹತ್ತಿಯನ್ನು ಎರಡು ಸಲ ತುಂಬಿ, ಒಮ್ಮೆ ತೆಗೆದು, ತಗ್ಗು ದಿಂಬೊಂದನ್ನು ಹೊಲಿದರು. ಗೋಡೆಗಿಟ್ಟು ಆಕೆಗೆ ಒರಗಿ ನೋಡಲು ಹೇಳಿದರು. ಆಕೆ ಒರಗಿ ಕಣ್ಣು ಮುಚ್ಚಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಅವತ್ತು ಫೋನಲ್ಲಿ..." ಎಂದು ಶುರು ಮಾಡಿದರು. "ಬಿಸಿಲು ಜೋರಿದೆ, ಆ ನೆರಳಿನ ಕಡೆಯಿಂದ ಹೋಗಿ ಅಮ್ಮ. ಕುಣಿಗಲ್ ಕಡೆ ಹೋಗೋರಿಗೆ ತುಮಕೂರಿನ ಬಸ್ಸು ಈಗ ಬರುತ್ತೆ" ಎಂದರು ಅಬ್ಬಾ.

ಆಕೆ ಹೋದ ಮೇಲೆ ನಾನು ಕೇಳಿಯೇ ಬಿಟ್ಟೆ. "ಆಕೆ ತಾನಾಗೇ ಹೇಳೋಕೆ ಬಂದ್ರು. ನೀವ್ಯಾಕೆ ಬಿಡ್ಲಿಲ್ಲ ಅಬ್ಬಾ?"

"ಎರಡು ಬಸ್ಸು ಹತ್ತಿ ಬಂದಿದಾರೆ ಬೇಟಿ. ಇನ್ನೇನು ಹೇಳಿಸ್ಬೇಕು?"

ಹೀಗೆಂದು ಅವರು ಮುಂದಿನ ಹಾಸಿಗೆಯ ಬಟ್ಟೆಯನ್ನು ನೆಲದ ಮೇಲೆ ಹರಡಿ, ಒಂದು ತುದಿಯನ್ನು ನನ್ನ ಕಡೆ ಎಸೆದರು. ನಾನು ಹಿಡಿದು ಎಳೆದೆ.